ತಂತಿ ಹಾಕಿದ ಹಲ್ಲು, ಖಡಕ್ ರೊಟ್ಟಿ

ಹುಬ್ಬಳ್ಳಿಯ ವಿದ್ಯಾನಗರದ ಒಂದು ಹಲ್ಲಿನ ದವಾಖಾನೆಯಲ್ಲಿ ನಾನು ಹದಿನೇಳು ವರ್ಷ ಕುರ್ಚಿಯ ಪಕ್ಕ ನಿಂತು ಕೆಲಸ ಮಾಡಿದೆ. ನಾನು ಡಾಕ್ಟರಲ್ಲ, ನರ್ಸಿಂಗ್ ಓದಿದವಳೂ ಅಲ್ಲ. ಡಾಕ್ಟರು ಕೈ ಚಾಚಿದರೆ ಬೇಕಾದ ಇಕ್ಕಳವೇ ಆ ಕೈಗೆ ಸಿಗಬೇಕು, ಉಗುಳು ಎಳೆಯುವ ಕೊಳವೆಯನ್ನು ಸರಿಯಾದ ಜಾಗದಲ್ಲಿ ಹಿಡಿಯಬೇಕು, ಕುರ್ಚಿಯಲ್ಲಿ ಮಲಗಿದವರು ಹೆದರಿದರೆ ಸಮಾಧಾನ ಹೇಳಬೇಕು. "ಮಂದಿ ಬಾಯಿ ನೋಡಕೋತ ಸಂಸಾರ ನಡಸಾಕಿ" ಎಂದು ನಮ್ಮ ಯಜಮಾನರು ಚಾಷ್ಟಿ ಮಾಡುತ್ತಿದ್ದರು. ಮಾಡಲಿ, ಅವರ ಬಾಯಿಯನ್ನೂ ನಾನೇ ನೋಡಿಕೊಂಡಿದ್ದೇನೆ.

ಈಗ ನಾನು ನವನಗರದ ಮನೆಯಲ್ಲಿ ಆರಾಮಾಗಿ ಕೂತಿರುವವಳು. ಮೊನ್ನೆ ತಂಗಿಯ ಮಗಳು ಇದೇ ಕೆಲಸಕ್ಕೆ ಸೇರಿ, ಮೊದಲ ವಾರ ಮುಗಿಸಿ ಬಂದು ಮುಖ ಸಣ್ಣದು ಮಾಡಿಕೊಂಡು ಕೇಳಿದಳು: "ದೊಡ್ಡವ್ವಾ, ಇದರಾಗ ಕಲಿಯೂದು ಏನೈತಿ? ಟ್ರೇ ಇಡೂದು, ಟ್ರೇ ತಗಿಯೂದು." ಅವಳಿಗೆ ಬಾಯಿಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಟಿ.ವಿ. ಹಚ್ಚುತ್ತಾಳೆ. ಅದಕ್ಕೇ ಬರೆಯಲು ಕೂತೆ.

ನಮ್ಮ ಡಾಕ್ಟರು ಉಡುಪಿ ಕಡೆಯವರು. ವಕ್ರ ಹಲ್ಲನ್ನು ನೆಟ್ಟಗೆ ಮಾಡುವುದಷ್ಟೇ ಅವರ ಕೆಲಸ, ಹುಳುಕು ಹಲ್ಲನ್ನು ಮುಟ್ಟುತ್ತಿರಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಸೇರಿದಾಗ ಹಲ್ಲಿಗೆ ತಂತಿ ಹಾಕಿಸಿಕೊಳ್ಳುವವರು ಅಪರೂಪ. ಹಾಕಿಸಿಕೊಂಡವರನ್ನು ಬಸ್ಸಿನಲ್ಲಿ ಮಂದಿ ತಿರುಗಿ ತಿರುಗಿ ನೋಡುತ್ತಿದ್ದರು. ಉಪಕರಣಗಳನ್ನು ನಾವು ಕುದಿಯುವ ನೀರಿನಲ್ಲಿ ಹಾಕುತ್ತಿದ್ದೆವು, ಉಗಿಯ ಯಂತ್ರ ಆಮೇಲೆ ಬಂತು. ಹಲ್ಲಿನ ಮೇಲೆ ಕೂರುವ ಅಕ್ಕಿಕಾಳಿನಷ್ಟು ಲೋಹದ ತುಂಡಿಗೆ ಬ್ರಾಕೆಟ್ ಅನ್ನುತ್ತಾರೆ. ಆ ಕಾಲದಲ್ಲಿ ಅದನ್ನು ಅಂಟಿಸಲು ಎರಡು ಬಗೆಯ ಅಂಟನ್ನು ಕಲೆಸಬೇಕಿತ್ತು. ಕಲೆಸಿದ ಅಂಟು ಕಣ್ಣು ಮಿಟುಕಿಸುವುದರೊಳಗೆ ಗಟ್ಟಿಯಾಗುತ್ತಿತ್ತು. ನಾನು ತಡ ಮಾಡಿದರೆ ಡಾಕ್ಟರ ಕೈಗೆ ಕಲ್ಲು ಕೊಟ್ಟ ಹಾಗೆ. ನೀಲಿ ಬೆಳಕು ಬಿಟ್ಟರೆ ಮಾತ್ರ ಬಿಗಿಯುವ ಅಂಟು ಬಂದ ದಿನ ನಾನು ದೇವರಿಗೆ ಕಾಯಿ ಒಡೆಸಿದ್ದೆ.

ನನ್ನ ಮೊದಲ ಎಡವಟ್ಟು ಎರಡನೇ ತಿಂಗಳಲ್ಲೇ ಆಯಿತು. ಅಂಟು ಹಚ್ಚುವ ಮೊದಲು ಹಲ್ಲನ್ನು ತೊಳೆದು ಪೂರ್ತಿ ಒಣಗಿಸಬೇಕು. ಆಮೇಲೆ ಅದಕ್ಕೆ ಉಗುಳು ಸೋಕಬಾರದು. ಒಬ್ಬ ಬ್ಯಾಂಕಿನ ಗುಮಾಸ್ತರ ಬಾಯಲ್ಲಿ ನಾನಿಟ್ಟ ಹತ್ತಿ ಜಾರಿ ಅವರ ನಾಲಿಗೆ ಹಲ್ಲಿಗೆ ತಾಗಿತು. ನಾನು ನೋಡಿದೆ. ಹೇಳಿದರೆ ಬೈಗುಳ ಬೀಳುತ್ತದೆಂದು ಸುಮ್ಮನಿದ್ದೆ. ನಾಲ್ಕೇ ದಿನಕ್ಕೆ ಅವರು ಬ್ರಾಕೆಟ್ಟನ್ನು ಕಾಗದದಲ್ಲಿ ಸುತ್ತಿಕೊಂಡು ಬಂದರು. "ಏನೂ ಗಟ್ಟಿ ತಿಂದಿಲ್ರಿ ಸಾಹೇಬ್ರ" ಎಂದು ಅವರೇ ಅಪರಾಧಿಯ ಹಾಗೆ ನಿಂತಿದ್ದರು.

ಡಾಕ್ಟರು ದೀಪ ಹಿಡಿದು ಹಲ್ಲು ನೋಡಿದರು, ಆಮೇಲೆ ಬ್ರಾಕೆಟ್ ನೋಡಿದರು. "ಹಲ್ಲಿನ ಮೇಲೆ ಅಂಟು ಉಳಿದಿಲ್ಲ, ಎಲ್ಲ ಬ್ರಾಕೆಟ್ಟಿನ ಜೊತೆ ಬಂದಿದೆ. ಅಂದರೆ ಹಲ್ಲು ಒದ್ದೆ ಇತ್ತು. ತಪ್ಪು ನಮ್ಮದು, ಕ್ಷಮಿಸಿ" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಂಟು ಹಲ್ಲಿನ ಮೇಲೇ ಉಳಿದಿದ್ದರೆ ಸಾಮಾನ್ಯವಾಗಿ ಕಚ್ಚಿ ಮುರಿದದ್ದು, ಹಲ್ಲು ಸ್ವಚ್ಛವಾಗಿದ್ದರೆ ಅಂಟಿಸಿದವರ ಎಡವಟ್ಟು. ಯಾರನ್ನಾದರೂ ಬೈಯುವ ಮೊದಲು ಹಲ್ಲನ್ನು ನೋಡಬೇಕು ಎಂಬುದು ಅವರ ಪದ್ಧತಿ. ಅವರು "ನಮ್ಮದು" ಎಂದದ್ದು ನನಗೆ ಬೈದದ್ದಕ್ಕಿಂತ ಜಾಸ್ತಿ ತಾಗಿತು. ಆಮೇಲೆ ಹತ್ತಿ ಜಾರಿದರೆ ನಾನೇ "ಸರ್, ಮತ್ತ ಒಣಗಸ್ರಿ" ಎಂದು ಹೇಳುತ್ತಿದ್ದೆ. ದೊಡ್ಡ ಡಾಕ್ಟರುಗಳನ್ನು ನಾನು ಬಹಳ ಜನ ನೋಡಿದ್ದೇನೆ. ರೋಗಿಯ ಮುಂದೆ ತಪ್ಪು ಒಪ್ಪಿಕೊಂಡವರು ಇವರೊಬ್ಬರೇ.

ಹಾಗಂತ ಅವರೇನು ಮೆತ್ತಗಿನ ಮನುಷ್ಯರಲ್ಲ. ತಂತಿ ಹಾಕಿದ ದಿನ ಪ್ರತಿಯೊಬ್ಬರಿಗೂ ಒಂದು ಕಾರ್ಡು ಕೊಡುತ್ತಿದ್ದರು. ಸೇಬನ್ನು ಇಡಿಯಾಗಿ ಕಚ್ಚಬಾರದು, ಐಸ್ ಜಗಿಯಬಾರದು, ಪಾಪ್‌ಕಾರ್ನ್ ಬೇಡ, ಟಾಫಿ ಬೇಡ, ಬ್ರೆಡ್ಡಿನ ಗಟ್ಟಿ ಅಂಚು ಬೇಡ. ಕೊನೆಯ ಸಾಲು ಕೆಂಪು ಅಕ್ಷರದಲ್ಲಿ: ಕಚ್ಚಿ ಮುರಿದುಕೊಂಡದ್ದು ಮೂರು ಸಲ ಮೀರಿದರೆ ತಂತಿ ತೆಗೆದು ಚಿಕಿತ್ಸೆ ನಿಲ್ಲಿಸಲಾಗುವುದು.

ಕಾರ್ಡು ಇಂಗ್ಲಿಷ್ ಪುಸ್ತಕದಿಂದ ಇಳಿಸಿದ್ದು. ಪಂಚಮಿ ಹಬ್ಬದ ಮರುವಾರ ನಮ್ಮಲ್ಲಿ ಬ್ರಾಕೆಟ್ ಉದುರಿಸಿಕೊಂಡವರ ಸಾಲು ಬಾಗಿಲಾಚೆಗೆ ಹೋಗುತ್ತಿತ್ತು. ಒಮ್ಮೆ ಕುಂದಗೋಳ ಕಡೆಯ ಒಬ್ಬ ಅಜ್ಜ ಮೊಮ್ಮಗನನ್ನು ಕರೆದುಕೊಂಡು ಬಂದ. ಹುಡುಗನ ಬಾಯಲ್ಲಿ ಐದು ಬ್ರಾಕೆಟ್ ಕಿತ್ತು ತಂತಿಗೆ ಜೋತುಬಿದ್ದಿದ್ದವು.

"ಕಾರ್ಡಿನಾಗ ಬರದಿದ್ದು ಒಂದೂ ತಿಂದಿಲ್ರಿ" ಎಂದು ಅಜ್ಜ ಆಣೆ ಮಾಡಿದ. "ಸೇಬು ನಾವು ಜಡ್ಡು ಬಂದಾಗಷ್ಟ ತರತೇವ್ರಿ. ಐಸ್ ಬ್ಯಾಡ ಅಂದೀರಿ ಅಂತ ಫ್ರಿಜ್ಜಿನ ನೀರೂ ಕುಡಿಸಿಲ್ರಿ."

"ಮತ್ತ ಏನು ತಿಂದಾನ್ರಿ?" ಎಂದು ನಾನು ಕೇಳಿದೆ.

"ಏನಿಲ್ರಿ. ಶೇಂಗಾ ಉಂಡಿ, ಗುಳ್ಳಡಿಕಿ ಉಂಡಿ, ಒಂದಿಷ್ಟ ಚಕ್ಲಿ. ಹಬ್ಬದಾಗ ಕೂಸಿಗೆ ಬ್ಯಾಡ ಅನ್ನಾಕ ಬರತೈತೇನ್ರಿ?"

ಕಡಲೆಹಿಟ್ಟಿನ ಗೋಲಿಗಳನ್ನು ಕರಿದು ಬೆಲ್ಲದ ಪಾಕದಲ್ಲಿ ಕಟ್ಟಿದ ಗುಳ್ಳಡಿಕಿ ಉಂಡಿ ಎಂದರೆ ಏನೆಂದು ಡಾಕ್ಟರಿಗೆ ಗೊತ್ತೇ ಇರಲಿಲ್ಲ. ಅವರು ಅನ್ನ ಉಂಡು ಬೆಳೆದವರು. ನನಗೆ ಗೊತ್ತಿತ್ತು, ಆದರೆ ಕಾರ್ಡು ತಪ್ಪಿದೆ ಎಂದು ಹೇಳುವ ಧೈರ್ಯ ಇರಲಿಲ್ಲ. ನನ್ನ ಲೆಕ್ಕದಲ್ಲಿ ಜಾಣತನ ಮಾಡಿ, ಹೊರಗೆ ಹೋಗುವವರ ಕಿವಿಯಲ್ಲಿ "ರೊಟ್ಟಿ ಸಾರಿನ್ಯಾಗ ನೆನಸಿ ತಿನ್ರಿ" ಎಂದು ಹೇಳಿ ಕಳಿಸುತ್ತಿದ್ದೆ. ಅಷ್ಟು ಹೇಳಿದರೆ ಎಲ್ಲ ಹೇಳಿದ ಹಾಗೆ ಎಂದುಕೊಂಡಿದ್ದೆ.

ಆಮೇಲೆ ಬಂದವಳು ಸುನಂದಾ. ಬೈರಿದೇವರಕೊಪ್ಪದ ಹುಡುಗಿ, ಹದಿನಾಲ್ಕು ವರ್ಷ. ತಾಯಿ ಬಸವ್ವ ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಸುನಂದಾಳ ಮೇಲಿನ ಹಲ್ಲುಗಳು ಎಷ್ಟು ಮುಂದೆ ಬಂದಿದ್ದವೆಂದರೆ ಎರಡು ತುಟಿ ಕೂಡುತ್ತಿರಲಿಲ್ಲ. ಶಾಲೆಯಲ್ಲಿ ಅವಳಿಗೆ ಒಂದು ಅಡ್ಡಹೆಸರು ಇಟ್ಟಿದ್ದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹಲ್ಲು ಹಿಂದೆ ಸರಿಯಲು ಜಾಗ ಬೇಕೆಂದು ಮೇಲೆ ಎಡಕ್ಕೊಂದು ಬಲಕ್ಕೊಂದು ಒಳ್ಳೆಯ ಹಲ್ಲು ಕೀಳಿಸಿ, ಆಮೇಲೆ ತಂತಿ ಹಾಕಿದೆವು. ಇದು ನೆನಪಿರಲಿ. ನಡುವೆ ಚಿಕಿತ್ಸೆ ನಿಂತರೆ ಅವಳಿಗೆ ಮುಂದಿನ ಹಲ್ಲೂ ಹಾಗೇ ಉಳಿಯುತ್ತಿದ್ದವು, ಮೇಲೆ ಎರಡು ಸಂದು ಬೇರೆ.

ಮೊದಲ ಬ್ರಾಕೆಟ್ ಒಂದು ತಿಂಗಳಲ್ಲಿ ಮುರಿಯಿತು. ಎರಡನೆಯದು ಮೂರು ವಾರದಲ್ಲಿ. ಪ್ರತಿ ಸಲವೂ ಮೇಲಿನ ಎಡಗಡೆಯ ಕೋರೆಹಲ್ಲಿನದೇ, ಅಂದರೆ ಆ ಸಂದಿಗೆ ಸರಿಯಬೇಕಾದ ಹಲ್ಲೇ. ಅಂಟು ಹಲ್ಲಿನ ಮೇಲೇ ಉಳಿದಿತ್ತು, ಕಚ್ಚಿಯೇ ಮುರಿದದ್ದು. ಸುನಂದಾ ಮಾತ್ರ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದಳು, "ಗಟ್ಟಿದ್ದು ಏನೂ ತಿಂದಿಲ್ರಿ. ರೊಟ್ಟಿ ಸೈತ ನೆನಸೇ ತಿಂತೇನ್ರಿ."

ಮೂರನೆಯ ಸಲ ಮುರಿದು ಬಂದಾಗ ಡಾಕ್ಟರು ಸರಿಮಾಡಿ ಕಳಿಸಿ, ಇನ್ನೊಂದು ಸಲವಾದರೆ ತಾಯಿಯನ್ನು ಕರೆದುಕೊಂಡು ಬರಲು ಹೇಳಿದರು. ಹದಿನೈದೇ ದಿನಕ್ಕೆ ನಾಲ್ಕನೆಯದೂ ಮುರಿಯಿತು. ತಾಯಿ ಇನ್ನೂ ಬಂದಿರಲಿಲ್ಲ, ಹುಡುಗಿ ಮುಂದಾಗಿ ಬಂದು ಕೂತಿದ್ದಳು. ಹೊರಗೆ ಆರೇಳು ಮಂದಿ ಕಾಯುತ್ತಿದ್ದರು. ಅವರೆಲ್ಲರ ಎದುರಿಗೇ ನಾನು ಅವಳಿಗೆ ಅಂದೆ:

"ಎಷ್ಟ ಸುಳ್ಳ ಹೇಳತಿ? ನಾನೂ ಇದ ಊರಾಗ ಹುಟ್ಟಿದಾಕಿ. ಏನೂ ತಿನ್ನಲಾರದ ತಂತಿ ತಾನ ಮುರೀತೈತೇನು? ಶೇಂಗಾ ತಿಂದೇನಿ ಅಂತ ಒಪ್ಪಿಕೊಂಡರ ನಿನ್ನ ಗಂಟೇನ ಹೋಗತೈತಿ?"

ಅವಳು ಅಳಲಿಲ್ಲ. "ನಾ ಸುಳ್ಳ ಹೇಳಾಕತ್ತಿಲ್ರಿ ಅಕ್ಕಾರ" ಎಂದು ಹೇಳಿ ನೆಲ ನೋಡಿಕೊಂಡು ಕೂತಳು. ಇವಳಿಗೆ ಬಹಳ ಸೊಕ್ಕು ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ.

ಬಸವ್ವ ಬಂದಳು. ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟನ್ನು ಡಾಕ್ಟರ ಮೇಜಿನ ಮೇಲಿಟ್ಟು ಎರಡೂ ಕೈ ಜೋಡಿಸಿದಳು. "ಸಾಹೇಬ್ರ, ತಂತಿ ತಗೀಬ್ಯಾಡ್ರಿ. ಎರಡು ಹಲ್ಲು ಕಿತ್ತಿಸೇವಿ. ಈಗ ಬಿಟ್ಟರ ಕೂಸು ಎಲ್ಲಿಗೆ ಹೋಗಬೇಕ್ರಿ? ನಾ ಅಕಿಗೆ ಎದುರಿಗೆ ಕುಂತ ಉಣಸತೇನಿ. ಒಂದು ಪುಟಾಣಿ ಸೈತ ಕೊಟ್ಟಿಲ್ಲ."

"ನಿಯಮ ಅಂದರೆ ನಿಯಮ ಮಾರಾಯ್ತಿ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ" ಎಂದು ಡಾಕ್ಟರು ಕೈಗವಸು ಹಾಕಿಕೊಂಡರು. ನಾನು ತಂತಿ ತೆಗೆಯುವ ಇಕ್ಕಳವನ್ನು ಟ್ರೇಯಲ್ಲಿ ಇಟ್ಟೆ.

ತಾಯಿ ಮಾತಾಡುತ್ತಿದ್ದಳು, ಡಾಕ್ಟರು ತಲೆ ಅಲ್ಲಾಡಿಸುತ್ತಿದ್ದರು. ಮೇಜಿನ ಪಕ್ಕದಲ್ಲಿದ್ದ ಸುನಂದಾ ಗಂಟು ಸಡಿಲಾಗಿದೆಯೆಂದು ಬಿಚ್ಚಿ ಸರಿಯಾಗಿ ಜೋಡಿಸಹೋದಳು. ನಡುವಿನಿಂದ ಒಂದು ರೊಟ್ಟಿ ಎತ್ತಿದಳು. ಅದರ ಅಂಚನ್ನು ಎಡಗಡೆಯ ಕೋರೆಹಲ್ಲಿಗೆ ಕೊಟ್ಟು ಕಟಕ್ ಎಂದು ಮುರಿದು, ಒಂದು ಕ್ಷಣ ಜಗಿದು, ಬೇಸರದಿಂದ ಅಂದಳು: "ಯವ್ವಾ, ಇವು ಇನ್ನ ಪೂರ್ತಿ ಒಣಗಿಲ್ಲ ನೋಡು. ಡಾಕ್ಟರ್ ಸಾಹೇಬ್ರಿಗೆ ಇಂಥಾವು ತರೂದೇನು?"

ಪಕ್ಕದ ಹಲ್ಲಿನ ಬ್ರಾಕೆಟ್ಟೂ ಕಿತ್ತು ತಂತಿಗೆ ಜೋತುಬಿದ್ದಿತ್ತು.

"ಈಗ ಏನು ಮಾಡಿದೆ ನೀನು?" ಎಂದರು ಡಾಕ್ಟರು.

"ಏನೂ ಮಾಡಿಲ್ರಿ" ಎಂದಳು ಸುನಂದಾ. ಅವಳ ಮುಖದಲ್ಲಿ ಒಂದಿಷ್ಟೂ ಕಳ್ಳತನ ಇರಲಿಲ್ಲ. "ಒಣಗ್ಯಾವೋ ಇಲ್ಲೋ ನೋಡಿದ್ನಿ ಅಷ್ಟ ರೀ."

ಬಸವ್ವ ಹಣೆಗೆ ಕೈ ಹಚ್ಚಿಕೊಂಡಳು. ರೊಟ್ಟಿ ಖಡಕ್ ಆಗದೆ ಕಟ್ಟಿದರೆ ಎರಡು ದಿನಕ್ಕೆ ಬೂಸು ಹಿಡಿಯುತ್ತದೆ. ಹಾಗಾಗಿ ಪ್ರತಿ ಗಂಟು ಕಟ್ಟುವ ಮೊದಲು ಒಂದು ರೊಟ್ಟಿಯ ಅಂಚು ಕಚ್ಚಿ ನೋಡಬೇಕು. ಅದು ಆ ಮನೆಯಲ್ಲಿ ಎಂಟು ವರ್ಷದವಳಿದ್ದಾಗಿನಿಂದ ಸುನಂದಾಳ ಕೆಲಸ. ಶಾಲೆಯಿಂದ ಬಂದು ದಿನಕ್ಕೆ ಹತ್ತು ಹನ್ನೆರಡು ಗಂಟು ನೋಡುತ್ತಿದ್ದಳು. ಊಟಕ್ಕೆ ಕೂತಾಗ ರೊಟ್ಟಿ ನೆನೆಸುತ್ತಿದ್ದಳು, ತಾಯಿ ಎದುರಿಗೆ ಕೂತು ಕಾಯುತ್ತಿದ್ದಳು. ಇದು ತಿನ್ನುವುದು ಎಂದು ತಾಯಿಗೂ ಹೊಳೆದಿರಲಿಲ್ಲ, ಮಗಳಿಗೂ ಹೊಳೆದಿರಲಿಲ್ಲ. ಕಸ ಗುಡಿಸಿದ ಹಾಗೆ, ನೀರು ತಂದ ಹಾಗೆ, ಅದೊಂದು ಕೆಲಸ.

ಡಾಕ್ಟರು ಜೋರಾಗಿ ನಕ್ಕರು. ನಗು ನಿಂತ ಮೇಲೆ ಇಕ್ಕಳವಿದ್ದ ಟ್ರೇಯನ್ನು ಆಚೆ ಸರಿಸಿ ಬಸವ್ವನಿಗೆ ಕೈ ಮುಗಿದರು. "ತಪ್ಪು ನಮ್ಮದು ತಾಯಿ. ಒಂದೇ ಹಲ್ಲು ಯಾಕೆ ಮುರಿಯುತ್ತದೆ ಅಂತ ನಾನು ಕೇಳಬೇಕಿತ್ತು. ನಿಮ್ಮ ಊಟವೇ ಗೊತ್ತಿಲ್ಲದೆ ನಿಯಮ ಮಾಡಿದ್ದೇನೆ." ನಾನೂ ನಕ್ಕೆ. ಆ ನಗುವಿನಲ್ಲಿ ನಾನು ಅಂದ ಮಾತು ಕರಗಿಹೋಯಿತು ಎಂದುಕೊಂಡೆ.

ಮರುದಿನ ಡಾಕ್ಟರು ಮಾಡಿದ ಕೆಲಸವನ್ನು ಬೇರೆ ಯಾರೂ ಮಾಡಿರಲಾರರು. ತಾವೇ ಕುರ್ಚಿಯಲ್ಲಿ ಕೂತು, ಕೈಗನ್ನಡಿ ಹಿಡಿದು, ನನ್ನಿಂದ ಅಂಟು ಹಚ್ಚಿಸಿಕೊಂಡು, ತಮ್ಮ ಮೇಲಿನ ಎಡಗಡೆಯ ಆರು ಹಲ್ಲಿಗೆ ಬ್ರಾಕೆಟ್ ಕೂರಿಸಿಕೊಂಡರು. "ಹುಬ್ಬಳ್ಳಿಯಲ್ಲಿ ಕಟಕಟ ಅನ್ನುವುದು ಏನೇನಿದೆಯೋ ಎಲ್ಲ ತಿಂದು ನೋಡುತ್ತೇನೆ" ಎಂದರು. ಈಗಿನ ಹುಡುಗಿಯರು ಡಾಕ್ಟರ ಹಲ್ಲಿಗೆ ಅಂಟು ಹಚ್ಚಲು ಹೋಗಬೇಡಿ. ಆಗ ಹೇಳುವವರು ಕೇಳುವವರು ಇರಲಿಲ್ಲ.

ಆ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಬಸವ್ವನ ಮನೆಗೆ ಊಟಕ್ಕೆ ಹೋದೆವು. ಎಣಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಸೌತಿಕಾಯಿ. ಡಾಕ್ಟರು ಮೊದಲ ರೊಟ್ಟಿಯನ್ನು ಹಪ್ಪಳದ ಹಾಗೆ ಕಚ್ಚಿದರು. ಒಂದು ಬ್ರಾಕೆಟ್ ಅಲ್ಲಿಗೇ ಹೋಯಿತು.

"ಸಾಹೇಬ್ರ, ರೊಟ್ಟಿ ಜೋಡಿ ಜಗಳಾ ತಗೀಬ್ಯಾಡ್ರಿ" ಎಂದಳು ಬಸವ್ವ. "ಹಲ್ಲಿನ ಅರ್ಧ ಕೆಲಸ ಮೊದಲ ಕೈ ಮಾಡಬೇಕ್ರಿ." ಎರಡು ಅಂಗೈ ನಡುವೆ ರೊಟ್ಟಿಯನ್ನು ಒತ್ತಿ ಪುಡಿಪುಡಿ ಚೂರು ಮಾಡಿದಳು. ಮೇಲೆ ಬಿಸಿ ಕಟ್ಟಿನ ಸಾರು ಹಾಕಿ ತಟ್ಟೆ ಮುಚ್ಚಿದಳು, ಸ್ವಲ್ಪ ಹೊತ್ತಿಗೇ ತೆಗೆದಳು. "ಭಾಳ ಹೊತ್ತ ಬಿಟ್ಟರ ಹಿಟ್ಟಾಗತೈತ್ರಿ. ನಡಕ ಒಂದಿಷ್ಟ ಬಿರುಸು ಉಳೀಬೇಕು. ಇಲ್ಲಂದ್ರ ಹುಡುಗರು ರೊಟ್ಟಿ ತಿಂದಂಗಾಗಲಿಲ್ಲ ಅಂತ ಕದ್ದ ತಿಂತಾವು."

ಡಾಕ್ಟರು ಉಣ್ಣುವುದು ಬಿಟ್ಟು ಅವಳನ್ನೇ ನೋಡಿದರು. ಅವರ ಪುಸ್ತಕಗಳಲ್ಲಿ ಬೇಡ ಎಂದಷ್ಟೇ ಇತ್ತು. ಬೇಡ ಎಂದರೆ ಮಕ್ಕಳು ಕದ್ದು ತಿನ್ನುತ್ತಾರೆ ಎಂಬುದು ಅದರಲ್ಲಿ ಇರಲಿಲ್ಲ.

ಹದಿನೈದು ದಿನದಲ್ಲಿ ಅವರು ಚಕ್ಲಿ, ಚುರುಮುರಿ, ಶೇಂಗಾ ಉಂಡಿ, ಕುಸುರೆಳ್ಳು ಎಲ್ಲ ತಿಂದರು. ಮೂರು ಬ್ರಾಕೆಟ್ ಮುರಿದುಕೊಂಡರು, ಆಮೇಲೆ ನಾಲ್ಕನೆಯದು. "ಸರ್, ನಿಯಮದ ಪ್ರಕಾರ ನಿಮ್ಮ ಚಿಕಿತ್ಸಾ ನಿಲ್ಲಸಬೇಕ್ರಿ" ಎಂದೆ. ಅವರು ನಕ್ಕು, ಪೆನ್ನು ತೆಗೆದು ಕಾರ್ಡಿನ ಕೆಂಪು ಸಾಲನ್ನು ಹೊಡೆದುಹಾಕಿದರು.

ಹೊಸ ಕಾರ್ಡನ್ನು ಬಸವ್ವ ಹೇಳಿದಳು, ಡಾಕ್ಟರು ತೂಗಿ ನೋಡಿದರು, ನಾನು ಬರೆದೆ. ಯಾವುದನ್ನೂ ಮುಂದಿನ ಹಲ್ಲಿನಿಂದಾಗಲಿ ಕೋರೆಹಲ್ಲಿನಿಂದಾಗಲಿ ಕಚ್ಚಬೇಡಿ, ಕೈಯಲ್ಲಿ ಮುರಿದು ಸಣ್ಣ ಚೂರನ್ನು ದವಡೆಗೆ ಕೊಡಿ. ಇಡಿ ಶೇಂಗಾ ಬೇಡ, ಕುಟ್ಟಿ ಚಟ್ನಿಪುಡಿ ಮಾಡಿದ ಹಿಂಡಿ ತಿನ್ನಿ. ಗಜ್ಜರಿ, ಸೌತಿಕಾಯಿ ತುರಿದು ಪಚಡಿ ಮಾಡಿ. ಚಕ್ಲಿ ಮುರಿದು ಮೊಸರಿನಲ್ಲಿ ಹಾಕಿ. ಶೇಂಗಾ ಉಂಡಿ ಕುಟ್ಟಿ ಪುಡಿ ಮಾಡಿ ಹಾಲಿನ ಜೊತೆ ತಿನ್ನಿ. ಗೋಂಜಾಳದ, ಅಂದರೆ ಮೆಕ್ಕೆಜೋಳದ ತೆನೆ ಕಚ್ಚಬೇಡಿ, ಕಾಳು ಬಿಡಿಸಿ ಕುದಿಸಿ. ಕಬ್ಬು ಜಗಿಯಬೇಡಿ, ಕಬ್ಬಿನ ಹಾಲು ಕುಡಿದು ಬಾಯಿ ಮುಕ್ಕಳಿಸಿ. ಉಂಡ ಮೇಲೆ ಪ್ರತಿ ಬ್ರಾಕೆಟ್ಟನ್ನು ಕನ್ನಡಿಯಲ್ಲಿ ನೋಡಿ, ಅಲುಗಾಡಿದರೆ ಅದೇ ದಿನ ಬನ್ನಿ, ಯಾರೂ ಬೈಯುವುದಿಲ್ಲ. ಗುಳ್ಳಡಿಕಿ ಉಂಡಿಗೆ ಮಾತ್ರ ಬಸವ್ವನಿಗೂ ಉಪಾಯ ಸಿಗಲಿಲ್ಲ. ತಂತಿ ತೆಗೆಯುವ ತನಕ ಅದನ್ನು ಮರೆಯಿರಿ ಎಂದು ಬರೆದೆವು.

ಕಾರ್ಡಿನ ಮೇಲೆ ಡಾಕ್ಟರ ಹೆಸರಿನ ಕೆಳಗೆ ಬಸವ್ವನ ಹೆಸರೂ ಅಚ್ಚಾಯಿತು. ಅದು ಡಾಕ್ಟರದೇ ಹಟ. ಓದಲು ಬಾರದ ಬಸವ್ವ ಆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ನನ್ನ ಹೆಸರು ಯಾವುದ್ರಿ ಇದರಾಗ?" ಎಂದು ಕೇಳಿದಳು. ಡಾಕ್ಟರು ಅವಳ ಬೆರಳು ಹಿಡಿದು ಅಕ್ಷರಗಳ ಮೇಲೆ ಇಟ್ಟರು. ಅಂಥ ದೊಡ್ಡ ಮನಸ್ಸಿನ ಇಬ್ಬರ ನಡುವೆ ಟ್ರೇ ಹಿಡಿದು ನಿಲ್ಲುವ ಭಾಗ್ಯ ನನ್ನದಾಗಿತ್ತು.

ರೊಟ್ಟಿ ನೋಡುವ ಕೆಲಸವನ್ನು ಸುನಂದಾ ಬಿಡಲಿಲ್ಲ. ಕಿವಿಯ ಹತ್ತಿರ ಹಿಡಿದು ಅಂಚು ಮುರಿದು, ಸಪ್ಪಳದಿಂದಲೇ ಹೇಳುವುದನ್ನು ಕಲಿತಳು. ಒಂದು ತಿಂಗಳಲ್ಲಿ ಹಲ್ಲಿಗಿಂತ ಕಿವಿಯೇ ನಿಖರವಾಗಿ ಹೇಳತೊಡಗಿತಂತೆ. ಆಮೇಲೆ ಅವಳ ಕೋರೆಹಲ್ಲಿನ ಬ್ರಾಕೆಟ್ ಒಮ್ಮೆಯೂ ಮುರಿಯಲಿಲ್ಲ. ಹಲ್ಲು ತಿಂಗಳಿಗೆ ಕೂದಲೆಳೆಯಷ್ಟು ಸರಿಯುತ್ತ ಸರಿಯುತ್ತ ಸಂದು ಮುಚ್ಚಿತು. ಎರಡು ವರ್ಷ, ಪ್ರತಿ ತಿಂಗಳೂ ಅವಳು ಬಂದಳು. ನಾನು ಹೇಳಿದಂತೆ ಬಾಯಿ ತೆರೆದಳು, ಮುಚ್ಚಿದಳು. ಕೇಳಿದ್ದಕ್ಕಷ್ಟೇ ಉತ್ತರ. ಸ್ವಭಾವವೇ ಹಾಗೆ ಎಂದು ನಾನು ತಿಳಿದಿದ್ದೆ.

ತಂತಿ ತೆಗೆದ ದಿನ ಬಸವ್ವ ಹೊರಗೆ ಕೂತಿದ್ದಳು. ಡಾಕ್ಟರು ಕೊನೆಯ ಬ್ರಾಕೆಟ್ ತೆಗೆದು, ಹಲ್ಲು ಉಜ್ಜಿ ಹೊಳಪು ಕೊಟ್ಟು, ತಾಯಿಯನ್ನು ಕರೆಯಲು ಎದ್ದು ಹೋದರು. ನಾನು ಕೈಗನ್ನಡಿ ಚಾಚಿದೆ. ಈ ಘಳಿಗೆಗೆ ಎಲ್ಲರೂ ಕನ್ನಡಿಯನ್ನು ಕಿತ್ತುಕೊಂಡೇ ನೋಡುತ್ತಾರೆ. ಸುನಂದಾ ತೆಗೆದುಕೊಳ್ಳಲಿಲ್ಲ. ಎರಡು ತುಟಿ ಕೂಡಿಸಿ ನೋಡಿದಳು. ಆಮೇಲೆ ನನ್ನ ಮುಖ ನೋಡಿ ಅಂದಳು:

"ಅಕ್ಕಾರ, ಅವತ್ತ ನಾ ಸುಳ್ಳ ಹೇಳಿದ್ದಿಲ್ರಿ."

ಎರಡು ವರ್ಷ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಈ ಹುಡುಗಿ ನನ್ನೆದುರು ಬಾಯಿ ತೆರೆದಿದ್ದಳು. ನನಗೆ ಬಹಳ ನಾಚಿಕೆಯಾಯಿತು, ದುಃಖವೂ ಆಯಿತು.

"ಇಲ್ಲವಾ, ನೀ ಸುಳ್ಳ ಹೇಳಿದ್ದಿಲ್ಲ" ಎಂದೆ. "ಮಂದಿ ಮುಂದ ನಿನಗ ಅನಬಾರದ ಮಾತು ಅಂದೆ. ತಪ್ಪ ನಂದು."

"ಹೊರಗ ಇನ್ನೂ ಮಂದಿ ಅದಾರೀ" ಎಂದಳು ಸುನಂದಾ.

ನಾನು ಬಾಗಿಲು ತೆರೆದೆ. ಬೆಂಚಿನ ಮೇಲೆ ಕೂತ ಐದಾರು ಮಂದಿ, ಬಸವ್ವ, ಡಾಕ್ಟರು ಎಲ್ಲರೂ ನನ್ನ ಕಡೆ ನೋಡಿದರು. "ಈ ಹುಡುಗಿಗೆ ನಾನು ಒಂದಿನ ಇಲ್ಲೇ ಎಲ್ಲಾರ ಮುಂದ ಸುಳ್ಳಿ ಅಂದಿದ್ದೆ. ಅಕಿ ಖರೇನ ಹೇಳಿದ್ಲು, ತಪ್ಪ ನಂದಿತ್ತು" ಎಂದೆ. ಅವರಿಗೆ ಏನೂ ತಿಳಿಯಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ತಿರುಗಿ ನೋಡಿದರೆ ಸುನಂದಾ ಕನ್ನಡಿ ಎತ್ತಿಕೊಂಡು ತನ್ನ ಹಲ್ಲು ನೋಡುತ್ತಿದ್ದಳು.